ಮೊಬೈಲಿಗೆ ಬಂದ ಸುದ್ದಿ ನಂಬ್ಕೊಂಡು ಅಡಿಕೆ ಮಾರ್ದೆ, ನಿಮ್ಗೂ ಹಿಂಗೇನಾದ್ರೂ ಆಗಿದ್ಯಾ?

ತೋಟದ_ಮನೆ:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ, ಎರಡು ಚಿಲ್ರೆ ಎಕ್ರೆ ಅಡಿಕೆ ತೋಟ. ಇದು ಹಳೇ ಕಥೆ, 2022ರ ಸೆಪ್ಟೆಂಬರ್ ಕೊನೇದು. ಆದ್ರೆ ಮೊನ್ನೆ ಮತ್ತೆ ಅದೇ ಜಾತಿ ಮೆಸೇಜ್ ಒಂದು ಬಂತು, ಅಪ್ಪಯ್ಯ ಮಜ್ಜಿಗೆ ಕುಡೀತಾ "ಈ ಸಲ ಯಾವಾಗ ಪಿಕಪ್ ಕರೆಸ್ತೀಯ" ಅಂತ ಕೇಳಿದ್ರು, ಹೊಟ್ಟೆ ಉರೀತು, ಅದಕ್ಕೇ ಬರೀತಿದೀನಿ.

ಆ ವರ್ಷ ರಾಶಿಗೆ, ಅಂದ್ರೆ ಬೇಯಿಸಿ ಒಣಗಿಸಿದ ಕೆಂಪಡಿಕೆಗೆ, ಒಳ್ಳೆ ರೇಟಿತ್ತು. 11 ಕ್ವಿಂಟಲ್ ರಾಶಿ ಇಡಿ ಚೀಲ ಹೊಲ್ದು ಇಟ್ಕೊಂಡಿದ್ವಿ, ದೀಪಾವಳಿ ಕಳೀಲಿ ನೋಡೋಣ ಅಂತ. ಒಂದಿನ ಸಂಜೆ ಫೋನ್ ಜೊತೆಗೇ ಬಂದಿರೋ ನ್ಯೂಸ್ ಆ್ಯಪ್ ಟಣ್ ಅಂತು. ಅಡಿಕೆ ಬೆಳೆಗಾರರಿಗೆ ಬಿಗ್ ಶಾಕ್, ಕೇಂದ್ರದ ನಿರ್ಧಾರಕ್ಕೆ ರೈತರು ಕಂಗಾಲು, ಅಂತ. ಒಳಗೆ ಏನಿದೆ ಅಂತ ಒತ್ತಿದ್ರೆ ಗಿರಗಿರ ತಿರುಗ್ತಾ ಕೂತಿದೆ, ನಮ್ಮನೇಲಿ ಸಿಗ್ನಲ್ ಬೇಕಂದ್ರೆ ಅಂಗಳದ ಆ ತುದಿಗೆ ದಾಸವಾಳದ ಗಿಡದ ಹತ್ರ ಹೋಗಿ ನಿಂತ್ಕೋಬೇಕು, ಹೊರಗೆ ಮಳೆ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಲ್ಲಿ ಶುರುವಾಯ್ತು ನೋಡಿ, ಭೂತಾನಿಂದ ಲಾರಿಗಟ್ಲೆ ಅಡಿಕೆ ಬರುತ್ತಂತೆ, ಲಕ್ಷಗಟ್ಲೆ ಟನ್ನಂತೆ, ನಾಳೆಯಿಂದ ಮಂಡೀಲಿ ಕೇಳೋರೇ ಇರಲ್ವಂತೆ. ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪನ ಫೋನು, "ನಮ್ದು ಕೊಡೋದೇ, ನಿಂದೇನು". ನಿದ್ರೆ ಬರ್ಲಿಲ್ಲ. ಬೆಳಿಗ್ಗೆ ಏಳಕ್ಕೆ ಖಾಸಗಿ ವ್ಯಾಪಾರಿಗೆ ನಾನೇ ಫೋನ್ ಮಾಡ್ದೆ. ಅವ್ನು ಪಿಕಪ್ ತಗೊಂಡೇ ಬಂದ, ಕ್ವಿಂಟಲಿಗೆ ಮಂಡಿ ರೇಟಿಗಿಂತ ಮೂರು ಸಾವಿರ ಕಮ್ಮಿಗೆ ತೂಗಿ ತಗೊಂಡು ಹೋದ. ಅವ್ನ ಫೋನಲ್ಲೂ ಅದೇ ಮೆಸೇಜಿತ್ತು, ಅವ್ನು ಅದನ್ನ ನನಗೇ ತೋರಿಸಿ "ನೋಡಿ ಭಟ್ರೇ, ನಿಮ್ ಮುಖ ನೋಡಿ ಇಷ್ಟು ಕೊಡ್ತಿದೀನಿ" ಅಂದ.

ಎರಡು ದಿನ ಬಿಟ್ಟು ಸೊಸೈಟಿಗೆ ಹೋದಾಗ ಅಲ್ಲಿ ಪೇಪರ್ ಓದ್ದೆ. ಆದೇಶ ಬಂದಿದ್ದು ನಿಜ. ಇಷ್ಟಕ್ಕಿಂತ ಕಮ್ಮಿ ಬೆಲೆಗೆ ಹೊರದೇಶದ್ದು ತರಿಸ್ಬಾರ್ದು ಅನ್ನೋ ಕನಿಷ್ಠ ಆಮದು ಬೆಲೆ ಷರತ್ತಿಲ್ದೆ ಭೂತಾನಿಂದ ವರ್ಷಕ್ಕೆ 17,000 ಟನ್ ತರಿಸ್ಬಹುದು ಅಂತ. ಅದೂ ಹಸಿ ಅಡಿಕೆ, ಅದೂ ಜೈಗಾಂವ್ ಗಡಿ ಒಂದರಿಂದ. ನಮ್ಮ ದೇಶದಲ್ಲಿ ವರ್ಷಕ್ಕೆ ಬೆಳೆಯೋದೇ ಹತ್ತು ಲಕ್ಷ ಟನ್ ಮೇಲೆ. ನೂರಕ್ಕೆ ಎರಡೂ ಆಗಲ್ಲ ಅದು, ಹಸಿ ಅಡಿಕೆ ಒಣಗಿದ್ರೆ ಇನ್ನೂ ಎಷ್ಟು ಇಳಿಯುತ್ತೆ ಅಂತ ಯಾವ ಬೆಳೆಗಾರನಿಗೆ ಗೊತ್ತಿಲ್ಲ ಹೇಳಿ. ಆ 17,000 ಅನ್ನೋ ನಂಬರ್ ಒಂದು ಆ ಸಂಜೆ ನನ್ನ ಕಣ್ಣಿಗೆ ಬಿದ್ದಿದ್ರೆ ಸಾಕಿತ್ತು. ಆ್ಯಪ್ಪಿನ ಹೆಡ್ಡಿಂಗಲ್ಲಿ ಅದಿರ್ಲಿಲ್ಲ, ಗ್ರೂಪಲ್ಲಿ ಇದ್ದ ಇನ್ನೂರು ಮೆಸೇಜಲ್ಲೂ ಇರ್ಲಿಲ್ಲ.

ಎರಡನೇ_ಕಾಫಿ:
ಅಯ್ಯೋ ಪಾಪ. 33 ಸಾವಿರ ಹೋಯ್ತಲ್ಲ ಹಂಗಾದ್ರೆ.

ಮಂಡಿ_ಮುನಿಯ:
ಸಾರ್ ಬೇಜಾರ್ ಮಾಡ್ಕೋಬೇಡಿ, ಆದ್ರೆ ಆ ವರ್ಷ ಆಮೇಲೆ ರೇಟ್ ಬಿದ್ದೇ ಬಿತ್ತಲ್ಲ? ನಂಗೆ ಚೆನ್ನಾಗಿ ನೆನಪಿದೆ, ನವೆಂಬರಲ್ಲಿ ನಮ್ಮ ಭಾವ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಲೆಕ್ಕ ಹಾಕಿದ್ರೆ ನೀವು ಗೆದ್ರಿ, ಆ ಸುಳ್ ಮೆಸೇಜಿಗೆ ಒಂದು ತೆಂಗಿನಕಾಯಿ ಒಡೀರಿ.

ತೋಟದ_ಮನೆ:
@ಮಂಡಿ_ಮುನಿಯ ಹ್ಹಹ್ಹ ಅಪ್ಪಯ್ಯನ ಹತ್ರ ನಾನೂ ಅದೇ ವಾದ ಹೂಡಿದ್ದೆ. ಹೌದು ಬಿತ್ತು. ಆದ್ರೆ ಎಲ್ರೂ ನನ್ ಥರಾನೇ ಬೆಳಿಗ್ಗೆ ಏಳಕ್ಕೆ ಪಿಕಪ್ ಕರೆಸಿದ್ರೆ ಬೀಳ್ದೆ ಏನಾಗುತ್ತೆ ಮಾರಾಯ್ರೆ, ಅದರಲ್ಲಿ ಆದೇಶದ ಪಾಲೆಷ್ಟು, ಹೆದರಿಕೆ ಪಾಲೆಷ್ಟು ಅಂತ ಯಾರು ತೂಕ ಹಾಕ್ತಾರೆ. ನಂಗೆ ಸಂಕಟ ಆಗೋದು ದುಡ್ಡಿಗಲ್ಲ. ನಾನು ಮೂವತ್ತು ವರ್ಷದಿಂದ ಅಡಿಕೆ ಮಾರ್ತಿದೀನಿ, ಗೊರಬಲು, ಬೆಟ್ಟೆ, ಯಾವ ದರ್ಜೆ ಎಷ್ಟಿದೆ ಅಂತ ಕಣ್ಣಲ್ಲೇ ಹೇಳ್ತೀನಿ. ಆವತ್ತು ಮಾತ್ರ ಓದದೇ ಇರೋ ಸುದ್ದಿ ಮೇಲೆ ಮಾರ್ದೆ. ಗೆದ್ರೂ ಅದು ಇಸ್ಪೀಟಲ್ಲಿ ಗೆದ್ದಂಗೆ.

ಇನ್ನೊಂದು ತಮಾಷೆ. 2023ರ ಫೆಬ್ರವರೀಲಿ ಆ ಕನಿಷ್ಠ ಆಮದು ಬೆಲೆ ಕೇಜಿಗೆ 251 ರೂಪಾಯಿ ಇದ್ದಿದ್ದನ್ನ 351 ಮಾಡಿದ್ರು. ಅವತ್ತು ಅದೇ ಆ್ಯಪ್ಪು ಅದೇ ಟಣ್ಣು, ಅಡಿಕೆ ಬೆಳೆಗಾರರಿಗೆ ಭರ್ಜರಿ ಗುಡ್ ನ್ಯೂಸ್ ಅಂತ. ಶಾಕ್ ಕೊಟ್ಟೋರೂ ಅವ್ರೇ, ನೀರು ಚಿಮುಕಿಸೋರೂ ಅವ್ರೇ.

ಕಡಲಕರೆ:
ನಿಮ್ಮದೆಲ್ಲ ಕೇಳಿದ್ರೆ ವಾಟ್ಸಾಪ್ ಬರುವ ಮೊದಲು ಜನ ಎಲ್ಲ ಭಾರೀ ಬುದ್ಧಿವಂತರು ಇದ್ದ ಹಾಗೆ ಉಂಟು. 1995ರಲ್ಲಿ ಗಣಪತಿ ಹಾಲು ಕುಡಿದದ್ದು ಯಾವ ಆ್ಯಪಿನಲ್ಲಿ ಮಾರಾಯ್ರೆ? ಸೆಪ್ಟೆಂಬರ್ 21, ನಾನು ಆಗ ಬ್ಯಾಂಕಿನಲ್ಲಿ, ದೆಹಲಿಯಿಂದ ಹೆಡ್ಡಾಫೀಸಿಗೆ ಫೋನ್, ಅಲ್ಲಿಂದ ನಮ್ಮ ಬ್ರಾಂಚಿಗೆ ಫೋನ್, ಮಧ್ಯಾಹ್ನಕ್ಕೆ ನಮ್ಮ ಮ್ಯಾನೇಜರ್ ಚಮಚ ಹಿಡ್ಕೊಂಡು ದೇವಸ್ಥಾನದ ಕ್ಯೂನಲ್ಲಿ! ಮತ್ತೆ ಆ "ನಾಳೆ ಬಾ" ಅಂತ ಬಾಗಿಲಿಗೆ ಬರೆದದ್ದು ಮರ್ತು ಹೋಯ್ತಾ? ದೆವ್ವ ಬಂದು ಬಾಗಿಲು ತಟ್ಟುತ್ತದೆ, ಗೋಡೆ ಓದಿ ವಾಪಸ್ ಹೋಗ್ತದೆ ಅಂತ. ದೆವ್ವಕ್ಕೆ ಕನ್ನಡ ಓದ್ಲಿಕ್ಕೆ ಬರ್ತದೆ ಅಂತ ಒಂದು ಖುಷಿ. ಗಾಳಿಸುದ್ದಿಗೆ ಫೋನ್ ಬೇಡ, ಬಾಯಿ ಸಾಕು.

ಬರೀ_ಓದ್ತೀನಿ:
ನಮ್ಮಜ್ಜಿ ಮನೆ ಬಾಗಿಲಲ್ಲಿ ಈಗ್ಲೂ ಇದೆ "ನಾಳೆ ಬಾ", ಸುಣ್ಣ ಹೊಡೆದ್ರೂ ಮಸುಕಾಗಿ ಕಾಣುತ್ತೆ.

ಡೆಸ್ಕ್_ಮಾಜಿ:
@ಕಡಲಕರೆ ಸಾರ್ ನೀವು ಹೇಳೋದು ಅರ್ಧ ಸರಿ. ಆದ್ರೆ ಗಣಪತಿ ಹಾಲು ಕುಡಿದ ಮಾರನೇ ದಿನ ಪೇಪರಲ್ಲಿ ಮೇಲ್ಮೈ ಎಳೆತ ಅಂದ್ರೇನು, ಕಲ್ಲು ಯಾಕೆ ಹಾಲು ಎಳೀತು ಅಂತ ವಿವರಣೆ ಬಂತು, ಸುಳ್ಳು ನಂಬಿದ್ದೋರೆಲ್ಲರ ಮನೆಗೂ ಅದೇ ಪೇಪರ್ ಹೋಗ್ತಿತ್ತು. ಈಗ ಸುಳ್ಳು ಓದಿದೋನ ಫೋನಿಗೆ ತಿದ್ದುಪಡಿ ಹೋಗುತ್ತೆ ಅನ್ನೋ ಗ್ಯಾರಂಟಿ ಏನಿದೆ.

ನಾನು ಒಂದು ಕನ್ನಡ ವೆಬ್ ಡೆಸ್ಕಲ್ಲಿ ನಾಲ್ಕು ವರ್ಷ ಇದ್ದೆ, ಹೆಸ್ರು ಬೇಡ. ಒಳಗಡೆ ಹೆಂಗೆ ಅಂತ ಹೇಳ್ತೀನಿ ಕೇಳಿ. ಒಂದು ಶಿಫ್ಟಿಗೆ ಹತ್ತು ಹನ್ನೆರಡು ಸ್ಟೋರಿ ಹಾಕ್ಬೇಕು. ಫೋನ್ ಮಾಡಿ ಕೇಳೋಕೆ ಎಲ್ಲಿ ಟೈಮು? ಇನ್ನೊಂದು ಸೈಟಲ್ಲಿ ಬಂದಿದ್ದನ್ನ ತಿರುಗಿಸಿ ಬರೀತೀವಿ, ಅವ್ರೂ ಎಲ್ಲಿಂದಾನೋ ಎತ್ತಿರ್ತಾರೆ, ಕೊನೆಗೆ ಜಿಲ್ಲೆಯ ಯಾವ್ದೋ ಒಬ್ಬ ಬಿಡಿ ಸುದ್ದಿಗಾರ ಬೈಕಲ್ಲಿ ಹೋಗಿ ತಂದ ನಾಲ್ಕು ಸಾಲು ಎಂಟು ಸೈಟಲ್ಲಿ ಎಂಟು ಥರ ಆಗಿರುತ್ತೆ, ಅವ್ನಿಗೆ ಪೆಟ್ರೋಲ್ ದುಡ್ಡೂ ಹುಟ್ಟಿರಲ್ಲ. ಬರೆಯೋನು ಒಬ್ಬ, ಹೆಡ್ಡಿಂಗ್ ಕೊಡೋನು ಇನ್ನೊಬ್ಬ, ಅದು ಯಾರ ಫೋನಲ್ಲಿ ಯಾವಾಗ ಟಣ್ ಅನ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಮಿಷಿನ್ನು. ತೋಟದ_ಮನೆ ಅವ್ರು ಅದಕ್ಕೆ ಮುಂಚೆ ನಾಲ್ಕು ಸಲ ಅಡಿಕೆ ಸುದ್ದಿ ಒತ್ತಿರ್ತಾರೆ, ಮಿಷಿನ್ನಿಗೆ ಅಷ್ಟು ಸಾಕು, ಇವ್ರಿಗೆ ಅಡಿಕೆ ಕಂಡ್ರೆ ಕೈ ತಡೆಯಲ್ಲ ಅಂತ. ಅದಕ್ಕೆ 17,000 ಟನ್ ಅನ್ನೋ ನಂಬರ್ ಹೆಡ್ಡಿಂಗಲ್ಲಿ ಹಾಕಿದ್ರೆ ಓದೋನಿಗೆ ಅಲ್ಲೇ ವಿಷಯ ಗೊತ್ತಾಗಿ ಹೋಗುತ್ತೆ, ಯಾಕೆ ಒಳಗೆ ಬರ್ತಾನೆ? ನಂಬರ್ ಮುಚ್ಚಿಡೋದೇ ನಮ್ಮ ಕೆಲಸ ಆಗಿತ್ತು. ಹೇಳೋಕೆ ನಾಚ್ಕೆ ಆಗುತ್ತೆ, ಆದ್ರೆ ನಿಜ.

2018ರ ಜನವರೀಲಿ ಫೇಸ್‌ಬುಕ್ಕು ಇನ್ಮೇಲೆ ಪೇಜುಗಳ ಪೋಸ್ಟಿಗಿಂತ ಗೆಳೆಯರು ಮನೆಯವರ ಪೋಸ್ಟ್ ಮೇಲೆ ತೋರಿಸ್ತೀವಿ ಅಂತ ಹೇಳ್ತು. ನಮ್ಮ ಆಫೀಸಲ್ಲಿ ಸೂತಕದ ಮನೆ ಥರ ಆಗಿತ್ತು ಆ ತಿಂಗಳು. ಎಲ್ಲೋ ಕೂತ ಕಂಪನಿ ಒಂದು ಗುಂಡಿ ತಿರುಗಿಸಿದ್ರೆ ಇಲ್ಲಿ ಮಲ್ಲೇಶ್ವರಂನಲ್ಲಿ ಕೂತೋರ ಸಂಬಳ ಅಲ್ಲಾಡುತ್ತೆ. ಆಮೇಲಿಂದ ಹೆಡ್ಡಿಂಗ್ ಇನ್ನೂ ಜೋರಾಯ್ತು.

ಎರಡನೇ_ಕಾಫಿ:
@ಡೆಸ್ಕ್_ಮಾಜಿ ಅಂದ್ರೆ ಆ "ಖ್ಯಾತ ನಟ ಇನ್ನಿಲ್ಲ" ಅಂತ ಹೆಸ್ರು ಹಾಕ್ದೆ ಬರೀತಿದ್ದೋರು ನೀವೇನಾ?? ಎಷ್ಟು ಸಲ ಎದೆ ಧಸಕ್ ಅಂದು ಒತ್ತಿ ನೋಡಿದ್ರೆ ಯಾವ್ದೋ ಬೇರೆ ದೇಶದ ಸೀರಿಯಲ್ ನಟ. ಎಲ್ಲಕ್ಕಿಂತ ಕೆಟ್ಟದ್ದು ಹೇಳ್ಲಾ. 2021 ಅಕ್ಟೋಬರ್ 29, ಶುಕ್ರವಾರ, ಪುನೀತ್ ಅವ್ರ ವಿಷಯ ಮೊದಲು ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಾಗ ನಾನು ನಮ್ಮ ಮಾವನಿಗೆ ಬೈದು ಮೆಸೇಜ್ ಹಾಕ್ದೆ, "ಮಾವ ಇಂಥದ್ದೆಲ್ಲ ಫಾರ್ವರ್ಡ್ ಮಾಡ್ಬೇಡಿ, ಅವ್ರಿಗೂ ಹೆಂಡ್ತಿ ಮಕ್ಕಳು ಇರ್ತಾರೆ" ಅಂತ. 46 ವರ್ಷ, ಅಷ್ಟು ಕಸರತ್ತು ಮಾಡೋ ಮನುಷ್ಯ, ಸುಳ್ಳೇ ಇರ್ಬೇಕು ಅಂತ ಖಾತ್ರಿ. ಮಾವ ಪಾಪ "ಸಾರಿ ಕಣಮ್ಮ" ಅಂತ ಡಿಲೀಟ್ ಮಾಡಿದ್ರು. ಆಮೇಲೆ ಟೀವಿ ಹಾಕಿದ್ರೆ… ಮಾವನಿಗೆ ಇವತ್ತಿಗೂ ಸರಿಯಾಗಿ ಕ್ಷಮೆ ಕೇಳಿಲ್ಲ ನಾನು.

ಡೆಸ್ಕ್_ಮಾಜಿ:
ಅವತ್ತು ನಾನು ಶಿಫ್ಟಲ್ಲಿದ್ದೆ. ಅದೊಂದು ದಿನ ಯಾರೂ ಹೆಸ್ರು ಮುಚ್ಚಿಡಿ ಅಂತ ಹೇಳ್ಲಿಲ್ಲ. ಅಷ್ಟೇ ಹೇಳಬಲ್ಲೆ.

ಹೊಳಿದಂಡಿ:
ನಮಸ್ಕಾರ್ರಿ, ನಮ್ಮೂರು ಗಂಗಾವತಿ ಹತ್ರ, ಹೊಳಿ ದಂಡಿಗೇ ಐತಿ. 2024ರ ಆಗಸ್ಟ್ 10, ಶನಿವಾರ ರಾತ್ರಿ, ಟಿಬಿ ಡ್ಯಾಮಿನ, ಅಂದ್ರ ತುಂಗಭದ್ರಾ ಡ್ಯಾಮಿನ, 19ನೇ ಗೇಟು ಚೈನ್ ಕಡದು ಕೊಚ್ಚಿಕೊಂಡು ಹೋತಲ್ರಿ, ಅವತ್ತಿಂದು ಹೇಳತೀನಿ. ಹನ್ನೆರಡು ಹೊಡದಿತ್ತು, ಫೋನು ಟಿಣ್ ಟಿಣ್ ಅನ್ನಾಕ ಶುರು ಮಾಡ್ತು. ಒಂದು ಗ್ರೂಪಿನ್ಯಾಗ "ಗೇಟ್ ಮುರದೈತಿ", ಇನ್ನೊಂದ್ರಾಗ "ಡ್ಯಾಮ್ ಒಡದೈತಿ, ಮನಿ ಬಿಟ್ಟು ಹೋಗ್ರಿ", ಮೂರನೇದ್ರಾಗ ಒಂದು ವಿಡಿಯೊ, ಕೆಂಪು ನೀರು ಗ್ವಾಡಿ ಕೆಡವಿಕೊಂಡು ಬರಾಕತ್ತೈತಿ, ಮನಷ್ಯಾರು ಚೀರಾಕತ್ತಾರ. ನಾ ಅದನ್ನ ನೋಡಿ ನಡಗಿಬಿಟ್ಟೆ. ಆದ್ರ ನನ್ನ ಮಗಳು, ಎಂಟನೇತ್ತ ಓದತಾಳ, ಫೋನ್ ಕಸಗೊಂಡು ನೋಡಿ ಅಂದ್ಲು, "ಅಪ್ಪಾ ಇದ್ರಾಗ ಬಿಸಲು ಬಿದ್ದೈತಿ, ಈಗ ಮಧ್ಯರಾತ್ರಿ." ಹೌದಲ್ಲ! ಅಷ್ಟು ದೊಡ್ಡ ಮನಷ್ಯಾ ನನಗ ಹೊಳೀಲಿಲ್ರಿ ಅದು.

ಆದ್ರೂ ನಮ್ಮತ್ತಿ ಕೇಳಬೇಕಲ್ಲ, ಟ್ರಂಕ್ ತಗದು ಸೀರಿ, ಬೆಳ್ಳಿ ತಂಬಗಿ, ರೇಷನ್ ಕಾರ್ಡು ಎಲ್ಲಾ ಗಂಟು ಕಟ್ಟಿದ್ರು, ಎಮ್ಮಿ ಹಗ್ಗ ಬಿಚ್ಚಿ ಕೈಯಾಗ ಹಿಡಕೊಂಡು ಅಂಗಳದಾಗ ನಿಂತಾರ, ಎಮ್ಮಿ ಬಿಟ್ಟು ನಾ ಎಲ್ಲೂ ಬರೂದಿಲ್ಲ ಅಂತ. ಬಾಜೂ ಮನಿಯವ್ರು ಟ್ರ್ಯಾಕ್ಟರ್ ಹೇರಿದ್ರು. ಯಾರಿಗೆ ಫೋನ್ ಹಚ್ಚಿದ್ರೂ ಎಂಗೇಜ್. ಡ್ಯಾಮಿಗೆ 33 ಗೇಟ್ ಅದಾವು, ಒಂದು ಹೋದ್ರ ಡ್ಯಾಮ್ ಹೋದಂಗಲ್ಲ, ಉಳದ ಗೇಟ್ ತಗದು ನೀರು ಬಿಟ್ಟು ಒತ್ತಡ ಕಮ್ಮಿ ಮಾಡತಾರ, ಹೊಳಿ ಏರತೈತಿ ಆದ್ರ ಊರು ಮುಳಗೂದಿಲ್ಲ, ಇಷ್ಟು ಮಾತು ಯಾರರೆ ಒಬ್ರು ಹೇಳಿದ್ರ ಸಾಕಾಗಿತ್ರಿ. ಬೆಳಗಾ ಮುಂಜಾನೆ ಪಂಚಾಯ್ತಿಯವ್ರು ಆಟೋಕ್ಕ ಮೈಕ್ ಕಟ್ಟಿಕೊಂಡು ಬಂದು ಹೊಳಿ ಕಡೆ ಹೋಗಬ್ಯಾಡ್ರಿ, ದನ ಬಿಡಬ್ಯಾಡ್ರಿ ಅಂತ ಕೂಗಿದ್ಮ್ಯಾಲೆ ನಮ್ಮತ್ತಿ ಎಮ್ಮಿ ಕಟ್ಟಿದ್ರು. ಫೋನಿನ್ಯಾಗ ಸಾವಿರ ಮಂದಿ ಮಾತಾಡಿದ್ರೂ ನಮ್ಮ ಕಿವಿಗೆ ಬಿದ್ದದ್ದು ಆ ಮೈಕ್. ಹರಿಯೂ ನೀರಿನ್ಯಾಗ ಸ್ಟಾಪ್ ಲಾಗ್, ಅಂದ್ರ ಗೇಟಿನ ಬದ್ಲಿ ಹಾಕೂ ತಾತ್ಕಾಲಿಕ ಅಡ್ಡಹಲಗಿ, ಇಳಿಸಿ ಒಂದು ವಾರದೊಳಗ ಬಂದ್ ಮಾಡಿದ್ರಲ್ರಿ, ಅದು ಇಂಜಿನಿಯರ್ ಮಂದೀದು ದೊಡ್ಡ ಸಾಧನೆ, ಆದ್ರ ಆ ಸುದ್ದಿ ಯಾವ ಗ್ರೂಪಿನ್ಯಾಗೂ ಅಷ್ಟು ಓಡ್ಲಿಲ್ಲ ನೋಡ್ರಿ.

ಕಡಲಕರೆ:
ನಿಮ್ಮ ಮಗಳಿಗೆ ಒಂದು ದೊಡ್ಡ ಐಸ್‌ಕ್ರೀಮ್ ನನ್ನ ಲೆಕ್ಕದಲ್ಲಿ.

ಚಿಲ್ರೆ_ಅಂಗಡಿ:
ನಂದು ದಾವಣಗೆರೆ ಹತ್ರ ಸಣ್ಣ ಕಿರಾಣಿ ಅಂಗಡಿ. ನೀವೆಲ್ಲ ಒಂದು ರಾತ್ರಿ ಎರಡು ರಾತ್ರಿ ಕಥೆ ಹೇಳ್ತಿದೀರ, ನಂದು ವರ್ಷಗಟ್ಲೆ ನಡೀತಿರೋ ಕಥೆ, 10 ರೂಪಾಯಿ ನಾಣ್ಯ! ಯಾವನೋ ಪುಣ್ಯಾತ್ಮ ಮೆಸೇಜ್ ಬಿಟ್ಟ, ತಲೆ ಮೇಲೆ ಹತ್ತು ಗೆರೆ ಇದ್ರೆ ಅಸಲಿ, ಹದಿನೈದಿದ್ರೆ ನಕಲಿ ಅಂತ. ರಿಸರ್ವ್ ಬ್ಯಾಂಕ್ 2018ರ ಜನವರೀಲೇ ಹೇಳ್ತು, 14 ಡಿಸೈನ್ ಇದಾವೆ ಹದಿನಾಲ್ಕೂ ಚಲಾವಣೇಲಿವೆ ಅಂತ. ಕೇಳಿದ್ರಾ ಜನ? ನನ್ನ ಗಲ್ಲಾಪೆಟ್ಟಿಗೆ ಕೆಳಗೆ ಹಾರ್ಲಿಕ್ಸ್ ಡಬ್ಬಿ ತುಂಬ ಆ ನಾಣ್ಯ ಇದೆ, ಗಿರಾಕಿಗೆ ಕೊಟ್ರೆ "ಇದು ನಡೆಯಲ್ಲ ಅಣ್ಣ" ಅಂತಾರೆ, ಗಿರಾಕಿ ಕೊಟ್ರೆ ನಾನು ತಗೋತೀನಿ, ತಗೊಳ್ಳಲ್ಲ ಅಂದ್ರೆ ಅವ್ನು ಬೆಂಗಳೂರಿಂದ ಬಂದೋನು, ಕಾನೂನು ಹೇಳ್ತಾನೆ. ಸುತ್ತೋಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಒಬ್ಬಜ್ಜಿ ಅದನ್ನ ನೋಡಿ "ಇದೂ ನಕಲೀನೇ ಇರ್ಬೇಕು ಬಿಡಪ್ಪ" ಅಂದ್ಳು.

ಮಂಡಿ_ಮುನಿಯ:
ಅಜ್ಜಿ 😂😂 ಎಲ್ರಿಗಿಂತ ಹುಷಾರು

ಸೀಮೆಸುಣ್ಣ:
ಎಲ್ಲರೂ ನಗ್ತಿದ್ದೀರಿ, ನಗೋ ವಿಷಯ ಇರೋದೂ ಹೌದು. ಆದ್ರೆ ನಾನು ಬೀದರ್ ಜಿಲ್ಲೆಯ ಮೇಷ್ಟ್ರು, ನಂಗೆ ಮುರ್ಕಿ ನೆನಪಾಗ್ದೆ ಇರಲ್ಲ. 2018ರ ಜುಲೈ 13. ಹೈದರಾಬಾದಿಂದ ಕಾರಲ್ಲಿ ಬಂದಿದ್ದ ಗೆಳೆಯರು, ದಾರೀಲಿ ಶಾಲೆ ಮಕ್ಕಳಿಗೆ ಚಾಕ್ಲೇಟ್ ಕೊಟ್ರು, ಅಷ್ಟೇ ಅವ್ರು ಮಾಡಿದ್ದು. ಮಕ್ಕಳ ಕಳ್ಳರು ಅಂತ ಕೂಗು ಎದ್ದಿತು, ಕಾರಿನ ವಿಡಿಯೊ ವಾಟ್ಸಾಪಲ್ಲಿ ಮುಂದಿನ ಊರಿಗೆ ಅವರಿಗಿಂತ ಮೊದಲೇ ಹೋಗಿ ಮುಟ್ಟಿತ್ತು. ಮುರ್ಕಿಯಲ್ಲಿ ರಸ್ತೆ ಅಡ್ಡಗಟ್ಟಿದ್ರು. 32 ವರ್ಷದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲೇ ಜೀವ ಬಿಟ್ಟ, ಬಿಡಿಸೋಕೆ ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಬಂಧನ ಆದೋರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಅದಕ್ಕೆ ಎರಡು ತಿಂಗಳು ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇದೇ ಅನುಮಾನಕ್ಕೆ ರಾಜಸ್ಥಾನದ ಒಬ್ಬ ಹುಡುಗನ್ನ ಹೊಡೆದು ಕೊಂದಿದ್ರು.

ಆ ದಿನಗಳಲ್ಲಿ ಎಲ್ಲರ ಫೋನಲ್ಲೂ ಒಂದು ವಿಡಿಯೊ ಇತ್ತು, ನೀವೂ ನೋಡಿರ್ತೀರಿ. ಬೈಕಲ್ಲಿ ಇಬ್ರು ಬಂದು ಬೀದೀಲಿ ಆಡ್ತಿದ್ದ ಮಗುವನ್ನ ಎತ್ಕೊಂಡು ಹೋಗ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ್ದು. ಪೂರ್ತಿ ವಿಡಿಯೊದಲ್ಲಿ ಅವ್ರು ತಿರುಗಿ ಬಂದು ಮಗುವನ್ನ ಇಳಿಸಿ ಒಂದು ಫಲಕ ಎತ್ತಿ ತೋರಿಸ್ತಾರೆ. ಆ ಕೊನೇ ಭಾಗ ಯಾರೋ ಕತ್ತರಿಸಿದ್ರು. ಅಷ್ಟೇ. ಸುಳ್ಳು ಸೇರಿಸಲೇ ಇಲ್ಲ, ನಿಜದ ಬಾಲ ಕತ್ತರಿಸಿದ್ರು. ನನ್ನ ಕ್ಲಾಸಲ್ಲಿ ಎರಡನ್ನೂ ತೋರಿಸಿದ್ದೆ, ಮೊದಲು ಕತ್ತರಿಸಿದ್ದು, ಆಮೇಲೆ ಪೂರ್ತಿ. ಒಬ್ಬ ಹುಡುಗ ಕೇಳ್ದ, "ಸರ್, ಹಂಗಾದ್ರ ಅದನ್ನ ಕತ್ತರಿಸಿದವ್ರ್ಯಾರು?" ನಂಗೆ ಉತ್ತರ ಗೊತ್ತಿರ್ಲಿಲ್ಲ.

ಮುರ್ಕಿ ಆದ ವಾರದಲ್ಲೇ ವಾಟ್ಸಾಪಿನವ್ರು ಭಾರತದಲ್ಲಿ ಫಾರ್ವರ್ಡನ್ನ ಒಂದ್ಸಲಕ್ಕೆ ಐದು ಚಾಟಿಗೆ ಇಳಿಸ್ತೀವಿ ಅಂದ್ರು. 2020ರ ಏಪ್ರಿಲಲ್ಲಿ, ಕೊರೊನಾ ಟೈಮು, ತುಂಬ ಸಲ ಫಾರ್ವರ್ಡ್ ಆಗಿರೋದನ್ನ ಒಂದ್ಸಲಕ್ಕೆ ಒಂದೇ ಚಾಟಿಗೆ ಅಂತ ಮಾಡಿದ್ರು.

ಕಡಲಕರೆ:
ಮೇಷ್ಟ್ರೇ ಕೈ ಮುಗಿದೆ. ನಾನು ಗಣಪತಿ ಹಾಲಿನ ಕಥೆ ಹೇಳಿದ್ದು ತಮಾಷೆಗೆ, ಆದ್ರೆ ಈಗ ಕೂತು ಯೋಚ್ನೆ ಮಾಡಿದ್ರೆ ಹೌದು, ಬಾಯಿಮಾತು ಒಂದು ಊರಿಂದ ಇನ್ನೊಂದು ಊರಿಗೆ ಬಸ್ಸಲ್ಲಿ ಹೋಗ್ಬೇಕಿತ್ತು, ನಡುವೆ ಯಾವನಾದ್ರೂ ಒಬ್ಬ ಚಾದ ಅಂಗಡಿಯಲ್ಲಿ "ಏ ಹೋಗಾ, ಎಂತ ಮಾತಾಡ್ತಿ" ಅಂತ ಹೇಳ್ಲಿಕ್ಕೆ ಟೈಮ್ ಸಿಗ್ತಿತ್ತು. ಕಾರಿಗಿಂತ ಮೊದಲು ವಿಡಿಯೊ ಹೋದ್ರೆ ಚಾದ ಅಂಗಡಿ ಎಲ್ಲಿಂದ ತರೂದು.

ನಮ್ಮ_ಮೆಟ್ರೊ_ಪಾಸ್:
ಆದ್ರೂ ಒಂದು ಹೇಳ್ಳಾ, ಬೈಬೇಡಿ. 2012ರ ಆಗಸ್ಟ್ ನೆನಪಿದ್ಯಾ? ಈಶಾನ್ಯದ ಹುಡುಗ್ರು ಸಾವಿರಗಟ್ಲೆ ಜನ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಲ್ಲಿ, ಗುವಾಹಟಿಗೆ ಸ್ಪೆಷಲ್ ಟ್ರೇನು ಬಿಟ್ರು. ಆಗ ನಮ್ಮ ಪೀಜಿಯಲ್ಲಿದ್ದ ಮಣಿಪುರದ ಹುಡುಗ ಅರ್ಧ ತಿಂದ ಅನ್ನದ ತಟ್ಟೆ ಹಂಗೇ ಬಿಟ್ಟು ಹೋದ, ಮಾಲೀಕರು ಅಡ್ವಾನ್ಸ್ ಕೊಡೋಕೆ ಹುಡುಕಿದ್ರೆ ಅವ್ನು ರೈಲಲ್ಲಿ. ಈಶಾನ್ಯದವ್ರ ಮೇಲೆ ದಾಳಿ ಆಗುತ್ತೆ ಅನ್ನೋ ಎಸ್ಸೆಮ್ಮೆಸ್ಸಿಂದಾನೇ ಎಲ್ಲ ಆಗಿದ್ದು. ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಾಡ್ತು. ಅಂದ್ರೆ ಆ ಐದು ಅನ್ನೋ ಔಷಧಿ ಆಗ್ಲೇ ಸಿಕ್ಕಿತ್ತು, ಆರು ವರ್ಷ ಆದ್ಮೇಲೆ ಮತ್ತೆ ಅದನ್ನೇ ಹುಡುಕಿದ್ರು. ಇನ್ನೊಂದು, ನಂಗೆ ಬೆಂಗಳೂರಲ್ಲಿ ಎಲ್ಲಿ ನೀರು ನಿಂತಿದೆ ಯಾವ ಅಂಡರ್‌ಪಾಸ್ ಬಂದ್ ಅಂತ ಗೊತ್ತಾಗೋದು ಎಕ್ಸಲ್ಲೇ, ಅದೇ ಹಳೇ ಟ್ವಿಟರಲ್ಲಿ. ಪೇಪರ್ ನಂಬ್ಕೊಂಡು ಕೂತ್ರೆ ನಾಳೆ ಬೆಳಿಗ್ಗೆ ಗೊತ್ತಾಗುತ್ತೆ ನಾನು ನಿನ್ನೆ ನೀರಲ್ಲಿದ್ದೆ ಅಂತ.

ತೋಟದ_ಮನೆ:
@ನಮ್ಮ_ಮೆಟ್ರೊ_ಪಾಸ್ ಒಪ್ಪಿದೆ. ಆಗುಂಬೆ ಘಾಟೀಲಿ ಮರ ಬಿದ್ರೆ ನಮಗೂ ಗೊತ್ತಾಗೋದು ಗ್ರೂಪಿಂದಾನೇ, ಮಂಗಳೂರಿಗೆ ಆಸ್ಪತ್ರೆಗೆ ಹೋಗೋರಿಗೆ ಎಷ್ಟು ಉಪಕಾರ ಆಗಿದೆ. ಆದ್ರೆ ಮರ ಬಿದ್ದಿದೆ ಅಂತ ಹಾಕೋನು ನಂಗೆ ಗೊತ್ತಿರೋ ಹುಡುಗ, ಅಲ್ಲೇ ನಿಂತಿರ್ತಾನೆ, ಸುಳ್ಳು ಹೇಳಿದ್ರೆ ಸಂಜೆ ಸೊಸೈಟೀಲಿ ಕೈಗೆ ಸಿಕ್ತಾನೆ. ಬಿಗ್ ಶಾಕ್ ಅಂತ ಬರೆದೋನು ನಂಗೆ ಎಲ್ಲಿ ಸಿಕ್ತಾನೆ ಹೇಳಿ?

ಡೆಸ್ಕ್_ಮಾಜಿ:
ಇದಕ್ಕೆ ಒಂದು ಮಾತು. ಪೇಪರಿನ ಕೊನೇ ಪುಟದ ಅಡಿಯಲ್ಲಿ ಇರುವೆ ಸಾಲಿನ ಥರ ಒಂದು ಸಾಲು ಇರುತ್ತೆ ನೋಡಿದ್ದೀರಾ? ಮುದ್ರಕರು, ಪ್ರಕಾಶಕರು, ಸಂಪಾದಕರು, ಎಲ್ಲಿ ಅಚ್ಚಾಯ್ತು ಅಂತ. ಬ್ರಿಟಿಷರ 1867ರ ಕಾಯ್ದೆಯಿಂದ ಬಂದಿದ್ದು ಅದು, ಕಾಯ್ದೆ ಈಗ ಬದಲಾಗಿದೆ. ಬ್ರಿಟಿಷರಿಗೆ ಯಾರನ್ನ ಹಿಡ್ಕೊಂಡು ಹೋಗ್ಬೇಕು ಅಂತ ಗೊತ್ತಾಗೋಕೆ ಬೇಕಿತ್ತು, ಉದ್ದೇಶ ಒಳ್ಳೇದೇನಲ್ಲ. ಆದ್ರೆ ಓದುಗನಿಗೂ ಅದರಿಂದ ಯಾರ ಮನೆ ಬಾಗಿಲಿಗೆ ಹೋಗಿ ಬೈಬೇಕು ಅಂತ ಗೊತ್ತಾಗ್ತಿತ್ತು. ನಮ್ಮ ಸ್ಟೋರಿ ಆ್ಯಪ್ಪಿಗೆ ಹೋದ್ಮೇಲೆ ತಪ್ಪಾಗಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಆ್ಯಪ್ಪಿನವ್ರು ಸೈಟಿನವ್ರನ್ನ ಕೇಳಿ ಅಂತಾರೆ, ಸೈಟಲ್ಲಿ ನಾವು ತಿದ್ದಿರ್ತೀವಿ, ಆ್ಯಪ್ಪಲ್ಲಿ ಹಳೇದೇ ಓಡ್ತಿರುತ್ತೆ, ಸ್ಕ್ರೀನ್‌ಶಾಟಲ್ಲಂತೂ ಕಲ್ಲಿನ ಶಾಸನ.

ಮೈನಸ್_ಮೂವತ್ತು:
ಎಡ್ಮಂಟನ್‌ನಿಂದ ಒಂದು ಉಲ್ಟಾ ಕಥೆ. ಇಲ್ಲಿ ಕೆನಡಾದಲ್ಲಿ 2023ರಲ್ಲಿ ಒಂದು ಕಾನೂನು ಮಾಡಿದ್ರು, ಸುದ್ದಿ ಲಿಂಕಿಂದ ಲಾಭ ಮಾಡೋ ದೊಡ್ಡ ಕಂಪನಿಗಳು ಸುದ್ದಿ ಸಂಸ್ಥೆಗಳಿಗೆ ದುಡ್ಡು ಕೊಡ್ಬೇಕು ಅಂತ. ಗೂಗಲ್ ಕೊನೆಗೆ ವರ್ಷಕ್ಕೆ 10 ಕೋಟಿ ಡಾಲರ್ ಕೊಡೋಕೆ ಒಪ್ಕೊಳ್ತು. ಮೆಟಾದವ್ರು ಕೊಡಲ್ಲ ಅಂದ್ರು, ಆಗಸ್ಟಿಂದ ಫೇಸ್‌ಬುಕ್ ಇನ್‌ಸ್ಟಾಗ್ರಾಂನಲ್ಲಿ ಸುದ್ದೀನೇ ಬಂದ್. ಅದೇ ತಿಂಗಳು ಉತ್ತರದಲ್ಲಿ ಕಾಡ್ಗಿಚ್ಚು. ಯೆಲ್ಲೋನೈಫ್ ಊರಿಗೆ ಊರೇ, ಸುಮಾರು 20,000 ಜನ, ಖಾಲಿ ಮಾಡ್ಬೇಕಾಯ್ತು, ಎಷ್ಟೋ ಜನ ನಮ್ಮೂರ ಕಡೆಗೇ ಬಂದ್ರು. ಅಲ್ಲಿಯ ಜನ ವರ್ಷಗಟ್ಲೆಯಿಂದ ಸುದ್ದಿ ನೋಡ್ತಿದ್ದಿದ್ದು ಫೇಸ್‌ಬುಕ್ ಗ್ರೂಪಲ್ಲಿ, ಈಗ ಯಾವ ರೇಡಿಯೊ ಸ್ಟೇಷನ್ನಿನ ಲಿಂಕೂ ಹಾಕೋಕಾಗಲ್ಲ, ಸ್ಕ್ರೀನ್‌ಶಾಟ್ ತೆಗ್ದು ತೆಗ್ದು ಹಾಕ್ತಿದ್ರು. ಸ್ಕ್ರೀನ್‌ಶಾಟಲ್ಲಿ ಯಾವ ಹೊತ್ತಿನ ಸುದ್ದಿ ಅಂತ ಕಾಣಲ್ವಲ್ಲ, ಬೆಂಕಿ ಎಲ್ಲಿದೆ ಅಂತ ಬೆಳಗಿನದ್ದನ್ನ ಸಂಜೆ ನೋಡಿದ್ರೆ ಏನು ಉಪಯೋಗ.

ನಮ್ಮ ಕನ್ನಡ ಸಂಘದ ಗ್ರೂಪಲ್ಲೂ ಅಡುಗೆ ಮಾಡಿ ಕೊಡೋಣ ಅಂತ ಚರ್ಚೆ ನಡೀತಿತ್ತು, ಎಷ್ಟು ಜನ ಬರ್ತಾರೆ ಎಲ್ಲಿಗೆ ಬರ್ತಾರೆ ಅಂತ ಮೂರು ಜನ ಮೂರು ಥರ. ಕೊನೆಗೆ ನಮ್ಮಲ್ಲಿ ಒಬ್ರು ಹಿರಿಯರು ಕಾರಿನ ರೇಡಿಯೊ ಹಾಕ್ಕೊಂಡು ಕೇಳಿ, ಬರ್ಕೊಂಡು ಗ್ರೂಪಿಗೆ ಹಾಕಿದ್ರು. ಚಿತ್ರಾನ್ನ ಜಾಸ್ತಿಯೇ ಆಯ್ತು, ಅದು ಬೇರೆ ಮಾತು.

ಹೊಳಿದಂಡಿ:
ಅಲ್ಲಿ ರೇಡಿಯೊ, ಇಲ್ಲಿ ಆಟೋ ಮೈಕ್. ಎಲ್ಲಾ ಕಡೆ ಒಂದ ಹಣೇಬರಾ.

ಎರಡನೇ_ಕಾಫಿ:
ನಿನ್ನೆ ರಾತ್ರಿ ಈ ಥ್ರೆಡ್ ಓದಿ ಒಂದು ಪ್ರಯೋಗ ಮಾಡ್ದೆ. ನಮ್ಮನೆಯವ್ರ ಫೋನು ನನ್ನ ಫೋನು ಊಟದ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ಒಂದೇ ನ್ಯೂಸ್ ಆ್ಯಪ್ ತೆಗೆದೆ. ನಂದ್ರಲ್ಲಿ ಚಿನ್ನದ ರೇಟು, ಯಾವ್ದೋ ನಟಿ ಡೈವೋರ್ಸು, ಥೈರಾಯ್ಡ್‌ಗೆ ಮನೆಮದ್ದು. ಅವ್ರದ್ರಲ್ಲಿ ಕ್ರಿಕೆಟ್ಟು, ಎರಡು ರಾಜಕೀಯದ ಜಗಳ, ಒಂದು ಹೊಸ ಬೈಕು. ಹದಿನೈದು ಸುದ್ದೀಲಿ ಒಂದೂ ಕೂಡ್ಲಿಲ್ಲ. ಮೈಸೂರಲ್ಲಿ ನಮ್ಮ ಏರಿಯಾದಲ್ಲಿ ಎರಡು ದಿನದಿಂದ ನೀರು ಬಂದಿಲ್ಲ, ಅದು ಎರಡರಲ್ಲೂ ಇಲ್ಲ! ಒಂದೇ ಹಾಸಿಗೇಲಿ ಮಲಗೋರು ನಾವು. ಮೊದ್ಲು ಬೆಳಿಗ್ಗೆ ಒಂದೇ ಪೇಪರ್ ಹರಿದು ಹಂಚ್ಕೋತಿದ್ವಿ, ಅವ್ರಿಗೆ ಕ್ರೀಡೆ ನಂಗೆ ಪದಬಂಧ, ಆದ್ರೂ ಮೊದಲ ಪುಟ ಇಬ್ರೂ ನೋಡಿರ್ತಿದ್ವಿ, ಜಗಳ ಆಡೋಕಾದ್ರೂ ಒಂದು ವಿಷಯ ಇರ್ತಿತ್ತು.

ಗೋಕಾಕ_ಕರದಂಟು:
ತಡಾ ಆಗಿ ಬಂದೀನಿ, ಒಂದ ಮಾತ ಹೇಳಿ ಹೊಕ್ಕೀನಿ. 2020ರ ಮಾರ್ಚ್‌ನ್ಯಾಗ ಕೋಳಿ ತಿಂದ್ರ ಕೊರೊನಾ ಬರ್ತೈತಿ ಅಂತ ಫೋಟೋ ಸಮೇತ ಮೆಸೇಜ್ ಓಡಾಡ್ತು. ಕೋಳಿ ಕೇಳೂ ಮಂದೀನ ಇಲ್ಲ, ಫೀಡಿನ ಖರ್ಚ್ ಸುದ್ದಾ ಹುಟ್ಟವಲ್ದು. ನಮ್ಮ ತಾಲೂಕಿನ್ಯಾಗ ಒಬ್ಬ ಫಾರ್ಮಿನವ್ರು ತೆಗ್ಗ ತೋಡಿಸಿ ಸುಮಾರ ಆರ ಸಾವಿರ ಕೋಳಿ ಜೀವಂತ ಹುಗದ್ರು. ಅದರ ವಿಡಿಯೊ ಮತ್ತ ವೈರಲ್ ಆತು ನೋಡ್ರಿ, ಅದನ್ನ ನೋಡಿ ಮಂದಿ "ನೋಡ್ರಿ, ರೋಗ ಐತಿ ಅಂತನ ಹುಗ್ಯಾಕತ್ತಾರ" ಅಂದ್ರು. ಸುಳ್ಳಿಂದ ಹುಗದ್ರು, ಹುಗದದ್ದ ಸುಳ್ಳಿಗೆ ಸಾಕ್ಷಿ ಆತು.

ಬರೀ_ಓದ್ತೀನಿ:
ಇದನ್ನ ಓದಿ ಸುಮ್ನೆ ಕೂತ್ಬಿಟ್ಟೆ.

ಚಿಲ್ರೆ_ಅಂಗಡಿ:
@ತೋಟದ_ಮನೆ ಸಾರ್, ನಿಮ್ಮ ಅಪ್ಪಯ್ಯ ಈಗ ಏನಂತಾರೆ? ಪೇಪರ್ ಹಾಕಿಸ್ಕೊಂಡ್ರಾ?

ತೋಟದ_ಮನೆ:
ಹಾಕಿಸ್ಕೊಂಡ್ವಿ. ಬಸ್ಸಿಗೆ ಬರುತ್ತೆ, ಒಂಬತ್ತೂವರೆಗೆ ಕ್ಲೀನರ್ ಹುಡುಗ ನಮ್ಮ ಗೇಟಿನ ಹತ್ರ ಎಸೀತಾನೆ, ಅರ್ಧ ದಿನ ಹೊಂಡದಲ್ಲಿ ಬೀಳುತ್ತೆ, ಅಪ್ಪಯ್ಯ ಒಲೆ ಹತ್ರ ಒಣಗಿಸ್ಕೊಂಡು ಓದ್ತಾರೆ. ಅದ್ರಲ್ಲೂ ತಪ್ಪಿರುತ್ತೆ, ಮೊನ್ನೆ ನಮ್ಮೂರ ಹೆಸ್ರೇ ತಪ್ಪು ಹಾಕಿದ್ರು. ಅಪ್ಪಯ್ಯ ಆಫೀಸಿಗೆ ಫೋನ್ ಮಾಡಿ ಬೈದ್ರು. ಮಾರನೇ ದಿನ ಮೂಲೇಲಿ ಸಣ್ಣದಾಗಿ ತಿದ್ದುಪಡಿ ಬಂತು, ಅದನ್ನ ಕತ್ತರಿಸಿ ಕ್ಯಾಲೆಂಡರಿಗೆ ಸಿಗಿಸಿದಾರೆ, ಬಂದೋರಿಗೆಲ್ಲ ತೋರಿಸ್ತಾರೆ.

ಮಂಡಿ_ಮುನಿಯ:
ಸಾರ್ ಕೊನೇದಾಗಿ ಒಂದು, ಇವತ್ತು ಶಿವಮೊಗ್ಗದಲ್ಲಿ ರಾಶಿ ಎಷ್ಟಂತೆ? ನಮ್ಮ ಭಾವ ಕೇಳ್ತಿದಾರೆ.

ತೋಟದ_ಮನೆ:
ನಾನು ಹೇಳಿ ಅದನ್ನ ನೀವು ಗ್ರೂಪಿಗೆ ಹಾಕೋದು ಬೇಡ ಮಾರಾಯ್ರೆ. ಭಾವನಿಗೆ ಮಂಡಿಗೇ ಫೋನ್ ಮಾಡೋಕೆ ಹೇಳಿ.

ಮಂಡಿ_ಮುನಿಯ:
ಮಾಡಿದ್ರಂತೆ ಸಾರ್. ವಾಟ್ಸಾಪಲ್ಲಿ ಹಾಕಿದೀವಿ ನೋಡ್ಕೊಳ್ಳಿ ಅಂದ್ರಂತೆ.